ಮೂರನೇ ಸಾಲು, ಎಡದಿಂದ ಐದನೆಯವನು

ಕ್ರಾಯ್ಡನ್ನಿನ ಟ್ರಾಮ್ ತಿರುವಿನಲ್ಲಿ ನನ್ನದೊಂದು ಗೂಡಂಗಡಿ.
ಪಾಸ್‌ಪೋರ್ಟ್ ಫೋಟೋ, ಬೀಗದ ಕೈ ನಕಲು, ಮೊಬೈಲ್ ಗಾಜು.
ಎದುರಿಗೇ ಇಪ್ಪತ್ತು ಮಹಡಿಯ ವಲಸೆ ಕಚೇರಿ,
ಅದರ ಹೆಸರಿನಲ್ಲಿ, ಏನು ತಮಾಷೆಯೋ, ಚಂದ್ರನಿದ್ದಾನೆ.
ಅಲ್ಲಿಗೆ ಹೋಗುವವರು ಮೊದಲು ನನ್ನ ಸ್ಟೂಲಿನ ಮೇಲೆ
ಒಂದು ಗಳಿಗೆ ಕೂತು ಹೋಗುತ್ತಾರೆ.

ನಗಬೇಡಿ ಅನ್ನುತ್ತೇನೆ. ನನ್ನ ಮಾತಲ್ಲ, ನಿಯಮದ್ದು.
ಬಾಯಿ ಮುಚ್ಚಿ. ಹಣೆಯ ಕೂದಲು ಸರಿಸಿ.
ಮೂವತ್ತೈದಕ್ಕೆ ನಲವತ್ತೈದು ಮಿಲಿಮೀಟರು,
ಹಿಂದೆ ಏನೂ ಇರಕೂಡದು, ತಮ್ಮ ನೆರಳೂ.

ಗದಗದ ನಮ್ಮಪ್ಪನ ಸ್ಟುಡಿಯೋದಲ್ಲಿ ಹಿಂದೆ ಎಲ್ಲ ಇತ್ತು,
ಕಟ್ಟಿಗೆಯ ಚಂದ್ರ, ಬಣ್ಣ ಬಳಿದ ಸರೋವರ, ಹಂಸದ ದೋಣಿ.
ಹತ್ತಿ ಮಾರುಕಟ್ಟೆಯ ಹಮಾಲರು ಸಂತೆ ದಿನ ಬಂದು
ದೋಣಿಯಲ್ಲಿ ಕೂತು, ಎರಡು ರೂಪಾಯಿಗೆ
ಪರದೇಶಕ್ಕೆ ಹೋಗಿಬರುತ್ತಿದ್ದರು.
ಯಾರೂ ಯಾಕೆ ಬಂದಿರಿ ಅನ್ನುತ್ತಿರಲಿಲ್ಲ.

ಹಾಂ, ದೋಣಿ.
ಆ ವರ್ಷ ಎಲ್ಲ ಕಡೆ ಒಂದೇ ದೋಣಿ.
ಹದ್ದು ನೋಡಿದ ಹಾಗೆ ಮೇಲಿನಿಂದ ತೆಗೆದದ್ದು,
ಕಿತ್ತಳೆ ಜಾಕೆಟ್ಟುಗಳು ದಾಳಿಂಬೆ ಕಾಳಿನಂತೆ ಒತ್ತೊತ್ತಾಗಿ,
ಮುಖ ಮಾತ್ರ ಒಂದೂ ಇಲ್ಲ.
ಬಸ್ಸಿನ ಬೆನ್ನಿಗೆ, ಪೇಪರಿನ ನೆತ್ತಿಗೆ,
ಟೀವಿಯಲ್ಲಿ ಮಂತ್ರಿಯ ಹೆಗಲ ಹಿಂದೆ.
ಮೇಲೆ ದಪ್ಪಕ್ಷರದಲ್ಲಿ ಒಂದೇ ಪದ, ಸಾಕು.
ಇಂಗ್ಲಿಷಿನಲ್ಲಿ ಅದಕ್ಕೆ ಒಂದೇ ಅರ್ಥ.
ನಮ್ಮಲ್ಲಾದರೆ ಹಸುಗೂಸನ್ನು ಕೈಗಿಟ್ಟೂ
ಸಾಕು ಅನ್ನಬಹುದು.

ಅದೇ ಪುಟವನ್ನು ನಾಲ್ಕು ಮಡಿಕೆ ಮಾಡಿ
ಫೆಬ್ರುವರಿಯ ಸಂಜೆ, ಷಟರ್ ಎಳೆಯುವ ಹೊತ್ತಿಗೆ,
ಹಬ್ತೋಮ್ ಬಂದ. ಎರಿಟ್ರಿಯಾದವನು.
ಚಳಿಗೆ ಬಿರಿದ ಬೆರಳಿಟ್ಟು ಎಣಿಸಿದ,
ಮೂರನೇ ಸಾಲು, ಎಡದಿಂದ ಐದನೆಯವನು, ನೀಲಿ ಉಣ್ಣೆ ಟೋಪಿ.
“ತಮ್ಮ, ಕಿಫ್ಲೋಮ್. ಪಕ್ಕದಲ್ಲಿರುವ ಮೊಣಕೈ ನಂದು.
ಅವನದು ಬೇರೆ ಫೋಟೋ ಇಲ್ಲ. ದೊಡ್ಡದು ಮಾಡಿಕೊಡಿ.”
ಚಿತ್ರ ತೆಗೆದ ಅರ್ಧ ಗಂಟೆಗೆ ದೋಣಿಯ ಒಂದು ಬದಿ
ಉಸಿರು ಬಿಟ್ಟಿತಂತೆ. ಅದರ ಚಿತ್ರ
ಯಾರ ಹತ್ತಿರವೂ ಇಲ್ಲ.

ದೊಡ್ಡದು ಮಾಡಿದೆ.
ಪೇಪರಿನ ಚಿತ್ರ ಬೆಳೆದಷ್ಟೂ ಮನುಷ್ಯ ಕರಗುತ್ತಾನೆ,
ಚುಕ್ಕಿ ಉಳಿಯುತ್ತವೆ, ನೀಲಿ, ಹಳದಿ, ಕಪ್ಪು.
ಅವ್ವ ಬಾಗಿಲಿಗೆ ಚುಕ್ಕಿ ಇಟ್ಟು ಒಳಗೆ ಹೋದರೆ
ಎಳೆ ಎಳೆದವರದೇ ರಂಗೋಲಿ,
ಅಕ್ಕ ಎಳೆದರೆ ಕಮಲ, ನಾನು ಎಳೆದರೆ ಹಾವು.
ಈ ಚುಕ್ಕಿಗಳಿಗೂ ಯಾರೋ ಎಳೆ ಎಳೆದಾಗಿತ್ತು.
ಪಾರ್ಲಿಮೆಂಟಿನಲ್ಲಿ ಒಬ್ಬರು ಪುಟವನ್ನೆತ್ತಿ ಹಿಡಿದ ವಾರವೇ
ಮಸೂದೆ ದಡ ಮುಟ್ಟಿತ್ತು.

ತಲೆಬರಹದ ಕೊನೆಯ ಅಕ್ಷರ ತಮ್ಮನ ಹೆಗಲ ಮೇಲೆ
ಎರಡು ಕಾಲೂರಿ ನಿಂತಿತ್ತು.
ಅಳಿಸಹೋದರೆ ಹೆಗಲೂ ಅಳಿಯುತ್ತಿತ್ತು.
“ಇರಲಿ ಬಿಡಿ” ಅಂದ. “ಹಿಟ್ಟಿನ ಗಿರಣಿಯಲ್ಲಿದ್ದವನು, ಹೊರುತ್ತಾನೆ.”
ಟೋಪಿಯ ಕೆಳಗೆ ಮುಖ ಇರಬೇಕಾದಲ್ಲಿ
ನಾನು ಏನೂ ಸೇರಿಸಲಿಲ್ಲ.
ಅಪ್ಪನಾಗಿದ್ದರೆ ಕುಂಚ ತೆಗೆದು
ಒಂದು ಜೊತೆ ಹುಬ್ಬಾದರೂ ತಿದ್ದುತ್ತಿದ್ದ.

ಎರಡು ಪ್ರತಿ. ಒಂದು ಕೆರೆನ್ನಿನಲ್ಲಿರುವ ತಾಯಿಗೆ,
ಒಂದು ಎದುರಿನ ಚಂದ್ರನಿಗೆ,
ತಮ್ಮನೊಬ್ಬ ಇದ್ದ ಎಂಬುದಕ್ಕೆ.

ಜೂನಿನಲ್ಲಿ ಉತ್ತರದ ಕಾಗದ ತಂದು ತೋರಿಸಿದ.
ಚಿತ್ರ ಅಸ್ಪಷ್ಟವಾಗಿದೆ. ವ್ಯಕ್ತಿಯನ್ನು ಗುರುತಿಸಲಾಗದು.
ಮಸೂದೆಗೆ ಸಾಕಾದದ್ದು ಇದಕ್ಕೆ ಸಾಕಾಗಲಿಲ್ಲ.
ನಾನು ಟ್ರಾಮ್ ಹೋಗುವವರೆಗೂ ಸುಮ್ಮನಿದ್ದೆ,
ಗಾಜು ಅದುರುವುದು ನಿಲ್ಲಲಿ ಎಂಬ ನೆವದಲ್ಲಿ.

ಅವನ ಕಾರ್ಡಿಗೆ ಹೊಸ ಫೋಟೋ ಬೇಕಿತ್ತು.
ಸ್ಟೂಲಿನ ಮೇಲೆ ಕೂತ. ಬೂದು ಪರದೆ ಇಳಿಬಿಟ್ಟೆ.
ಮೂವತ್ತೈದು ಮಿಲಿಮೀಟರಿನೊಳಗೆ
ಮೊಣಕೈ ಬರುವುದಿಲ್ಲ ಎಂದು ಅವನಿಗೂ ಗೊತ್ತು.
ಆದರೂ ಎಡಗೈಯನ್ನು ಒಂಚೂರು ಒಳಗೆಳೆದುಕೊಂಡ,
ಪಕ್ಕದಲ್ಲಿ ಇನ್ನೊಬ್ಬ
ಒತ್ತಿಕೊಂಡು ಕೂರುವಷ್ಟು.