ಒಂದು ತೊಲ ಅರವತ್ನಾಲ್ಕು ಗುಂಜಿ

ಸುಬೇದಾರ ಗುನಗಿಯವರು ಬಂದದ್ದು ಮೂರು ಗಂಟೆಗೆ,
ಕಾಜುಬಾಗದ ಬೀದಿ ಮೀನೂಟದ ನಿದ್ದೆಯಲ್ಲಿದ್ದಾಗ.
ಕಂಕುಳಲ್ಲಿ ಬಿಸ್ಕೀಟಿನ ಡಬ್ಬಿ.
ನಾವು ಕೇಳುವ ಮೊದಲೇ ಗಾಜಿನ ಮೇಲೆ ಲೈಸೆನ್ಸು ಬಿಡಿಸಿಟ್ಟರು,
ನಾಲ್ಕು ಠಸ್ಸೆ, ತಲೆಕೆಳಗಾಗಿ.

"ಮದ್ದಿಲ್ಲ, ಹೆದರಬೇಡಿ ರಾಯ್ಕರ ಮಾಮ.
ಬರೀ ಗುಂಡು. ನೂರಿವೆ.
ಒಂದೇ ತೂಕದ ಇಪ್ಪತ್ತು ಆರಿಸಿಕೊಡಬೇಕು."

ಮೂಗುತಿ ತೂಗುವ ತಕ್ಕಡಿಯ ಪಕ್ಕ ಸುರುವಿದರು.
ಕಿರುಬೆರಳಿಗಿಂತ ಚೂರು ಗಿಡ್ಡ,
ಚೂಪು ಮೂತಿ, ಹಿಂಬದಿ ಸಣ್ಣಗೆ ತಗ್ಗಿ
ಬೈತಖೋಲದ ದಂಡೆಗೆ ಎಳೆದಿಟ್ಟ ಪಾತಿಯ ಹಾಗೆ.
ಅಪ್ಪ ಒಂದನ್ನು ಉಗುರಲ್ಲಿ ಕೆರೆದ.
ಮೇಲೆ ತಾಮ್ರ. ಒಳಗೆ?
"ಸೀಸ."
"ನಮ್ಮ ಕಸುಬಿನಲ್ಲಿ ಇದಕ್ಕೆ ಮೋಸ ಅನ್ನುತ್ತಾರೆ."
"ನಮ್ಮದರಲ್ಲಿ ಮರ್ಯಾದೆ" ಎಂದು ನಕ್ಕರು,
"ಬರೀ ಸೀಸವಾದರೆ ನಳಿಗೆಗೇ ಬಳಿದುಕೊಂಡುಬಿಡುತ್ತದೆ."

ಇಷ್ಟು ಭಾರ ಯಾಕೆ, ಹಗುರವಾದದ್ದು ಬೇಗ ಹೋಗುವುದಿಲ್ಲವೆ,
ಕೇಳಿದೆ ನಾನು.

"ಹೋಗುತ್ತದೆ ಬಾಯಿ, ಹೊರಡುವಾಗ.
ಇಲ್ಲಿಂದ ಕೋರ್ಟಿನ ತನಕ ಅದೇ ಮುಂದೆ.
ಆಮೇಲೆ ಗಾಳಿ ಮಾತಾಡಿಸುತ್ತದೆ.
ಹಗುರದ್ದಕ್ಕೆ ಎಲ್ಲರ ಮಾತಿಗೂ ನಿಲ್ಲುವ ಚಾಳಿ.
ಕೋಡಿಬಾಗದ ದಂಡೆಯಿಂದ ಸದಾಶಿವಗಡದ
ಒಂದು ತೆಂಗಿನಕಾಯಿಗೆ ಗುರಿಯಿಟ್ಟೆ ಅಂದುಕೊ,
ನಡುವೆ ಕಾಳಿ, ಕಾಳಿಯ ಮೇಲೆ ಸಮುದ್ರದ ಗಾಳಿ.
ಹಗುರದ್ದು ಪಕ್ಕದವರ ಮರಕ್ಕೆ ಹೋಗುತ್ತದೆ.
ಭಾರದ್ದೂ ಸರಿಯುತ್ತದೆ, ಸುಳ್ಳು ಹೇಳಬಾರದು.
ಎಷ್ಟೆಂದು ಮೊದಲೇ ಹೇಳಬಹುದು, ಅಷ್ಟೇ.
ಅದಕ್ಕೆ ಬಿಗಿ ಸುತ್ತಿನ ನಳಿಗೆ ಬೇಕು,
ಇಲ್ಲದಿದ್ದರೆ ಕುಡಿದವನ ಹಾಗೆ ವಾಲುತ್ತದೆ.
ಭುಜವೂ ಒಪ್ಪಬೇಕು."

ಡಬ್ಬಿಯೊಳಗಿನ ಚೀಟಿಯಲ್ಲಿ ಮುನ್ನೂರು ಗ್ರೇನ್ ಎಂದಿತ್ತು.
ಗ್ರೇನ್ ಅಂದರೆ ಕಾಳು, ಯಾವುದೋ ದೇಶದ ಜವೆ.
ಅಪ್ಪ ಅಜ್ಜನ ಭರಣಿ ಇಳಿಸಿದ:
ಗುಲಗಂಜಿ, ಕೆಂಪು ಮೈ, ಕಪ್ಪು ಕಣ್ಣು.
ಬೆರಳು ಮಡಿಸಿ ಲೆಕ್ಕ ಹಾಕಿದ:
ಒಂದು ತೊಲ ಅರವತ್ನಾಲ್ಕು ಗುಂಜಿ.
"ಇಷ್ಟರಲ್ಲಿ ಒಬ್ಬಳ ಮದುವೆಯ ಸರ ಆಗುತ್ತಿತ್ತು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಫ್ಯಾನು ಬಂದ್. ಷಟರ್ ಅರ್ಧಕ್ಕೆ.
ಅರ್ಧ ಗುಂಜಿ ಹೆಚ್ಚು, ಎಡಕ್ಕೆ.
ಕಾಲು ಕಮ್ಮಿ, ಬಲಕ್ಕೆ.
ಬೆವರು ತಟ್ಟೆಗೆ ಬೀಳದ ಹಾಗೆ
ಅಪ್ಪ ತಲೆ ಹಿಂದಕ್ಕೆಳೆದು ತೂಗುತ್ತಿದ್ದ.
ಮುಳ್ಳು ನಡುಗಿ ನಡುಗಿ ನಿಲ್ಲುತ್ತಿತ್ತು.
ಸುಬೇದಾರರು ಮುಳ್ಳು ನೋಡುತ್ತಿರಲಿಲ್ಲ,
ಅಪ್ಪನ ದನಿ ಬರುವ ಕಡೆ ಮುಖ ಮಾಡಿದ್ದರು.
ಬಲಗಣ್ಣಿನಲ್ಲಿ ತೆಳ್ಳಗೆ ಗಂಜಿಯ ತಿಳಿ.

ಅವರ ಮನೆಯಲ್ಲೇ ಇದಕ್ಕಿಂತ ಒಳ್ಳೆಯ ತಕ್ಕಡಿ ಇದೆಯೆಂದು
ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ.
ಅಪ್ಪನಿಗೆ ಆಗಲೇ ಗೊತ್ತಾಗಿತ್ತೋ ಏನೋ,
ಚಿನ್ನದ ಗಿರಾಕಿಗೂ ತೂಕವನ್ನು ಗೊಣಗುವವನು
ಹತ್ತನೆಯ ಗುಂಡಿನಿಂದ
ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳತೊಡಗಿದ.

"ಹೊಡೆಯುವುದು ನಾನಲ್ಲ," ಎಂದರು ಅವರು, ಯಾರೂ ಕೇಳದಿದ್ದರೂ,
"ಮಾಜಾಳಿಯ ತಾಂಡೇಲನ ಮಗಳು.
ಮುಂದಿನ ತಿಂಗಳು ಸಾವಿರ ಮೀಟರಿನ ಪಂದ್ಯ.
ದೋಣಿಯಲ್ಲಿ ಬೆಳೆದವಳು, ಗಾಳಿ ಅವಳಿಗೆ ಗೊತ್ತು.
ಗುಂಡು ನನಗೆ ಗೊತ್ತಿರಬೇಕಲ್ಲ."

ಹದಿನೆಂಟು ಸಿಕ್ಕವು.
"ಅಡ್ಡಿಲ್ಲ. ಗಾಳಿ ನೋಡುವ ಮೊದಲಿನ ಎರಡಕ್ಕೆ
ಯಾವುದಾದರೂ ಆದೀತು."
ಹದಿನೆಂಟು ಕರವಸ್ತ್ರದಲ್ಲಿ ಗಂಟು,
ಉಳಿದ ಎಂಬತ್ತೆರಡು ಎಣಿಸಿ ಡಬ್ಬಿಗೆ, ಬೆರಳಿನಿಂದ ಮುಟ್ಟಿ ಮುಟ್ಟಿ.
ಒಂದೂ ಬಿಡುವ ಹಾಗಿಲ್ಲ, ಲೆಕ್ಕ ಕೊಡಬೇಕು.
ದುಡ್ಡು ಅಪ್ಪ ಮುಟ್ಟಲಿಲ್ಲ.
ಮೆಟ್ಟಿಲಿನ ತನಕ ಮೊಣಕೈ ಹಿಡಿದು ಹೋದದ್ದನ್ನು
ಮಾತಿನ ಭರದಲ್ಲಿ ಹಿಡಿದಂತೆ ಮಾಡಿದ.

ಸಂಜೆ ದೀಪ ಹಚ್ಚಿ ಗುಂಜಿ ಎಣಿಸಿದೆವು.
ಒಂದು ಕಮ್ಮಿ.
ಗಾದಿಯ ಕೆಳಗೆ ಹುಡುಕಿದೆ, ಪೊರಕೆಯಲ್ಲಿ ಹುಡುಕಿದೆ.
ಅಪ್ಪ ಭರಣಿಯ ಮುಚ್ಚಳ ತಿರುಗಿಸಿದ.
"ಡಬ್ಬಿಗೆ ಬಿದ್ದು ಅವರ ಜೊತೆ ಹೋಗಿರಬೇಕು.
ಹೋಗಲಿ ಬಿಡು.
ಅದಕ್ಕೂ ಒಂದು ಕಣ್ಣಿದೆ."