ಉದ್ಧರಣ ಚಿಹ್ನೆ

ದುರ್ಗಿಗುಡಿಯ ಸಹಕಾರ ಸಂಘದ ಮೇಲ್ಮಹಡಿ.
ಮೂವತ್ತೆರಡು ಮೆಟ್ಟಿಲು.
ಮೇ ತಿಂಗಳ ಭಾನುವಾರ. ಎರಡು ಫ್ಯಾನಿನಲ್ಲಿ
ಒಂದು ತಿರುಗುತ್ತದೆ,
ಇನ್ನೊಂದು ಸದ್ದು ಮಾಡುತ್ತದೆ.
ವಿಜ್ಞಾನ ಕಥಾಪ್ರಿಯರ ಆರನೇ ಮೇಳ.
ಬಾಗಿಲಿಗೆ ನಾನೇ ಬರೆದು ಕಟ್ಟಿದ ಬಟ್ಟೆ:
ಎಲ್ಲ ಲೋಕದವರಿಗೂ ಸ್ವಾಗತ.

ಹೆಸರು ಬರೆದುಕೊಳ್ಳುವ ಮೇಜು ನನ್ನದು.
ಭದ್ರಾವತಿಯ ಹುಡುಗ ಬಂದ,
ಹೆಲ್ಮೆಟ್ಟಿಗೆ ಥರ್ಮೋಕೋಲಿನ ಕೊಂಬು,
ಎದೆಯ ಮೇಲೆ ಹಳೇ ಮಿಕ್ಸಿಯ ಗುಂಡಿ.
ಯಾವುದೋ ಕ್ಷುದ್ರಗ್ರಹದ ರಾಯಭಾರಿಯಂತೆ.
ಹೇಳಿದ ಹೆಸರನ್ನು ಹೇಳಿದ ಹಾಗೇ ಬರೆದೆ.
ಸೊರಬದ ಇಬ್ಬರು ಮೇಷ್ಟರು, ಮೈತುಂಬ ಬೆಳ್ಳಿ ಕಾಗದ,
ಕೂತರೆ ಹರಿಯುತ್ತದೆಂದು
ಮಧ್ಯಾಹ್ನದವರೆಗೆ ನಿಂತೇ ಇದ್ದರು.

ಆಮೇಲೆ ಅವಳು.
ಹೆಗಲಲ್ಲಿ ಕೂದಲೆಣ್ಣೆ ಬಾಟಲಿಗಳ ಚೀಲ,
ಕೈಯಲ್ಲಿ ಲೈಬ್ರರಿ ಸೀಲಿನ, ರಟ್ಟು ಕಿತ್ತ ಪುಸ್ತಕ.
ಹೆಸರು?
ರೇಡಿಯೋ.
ವೇಷದ ಹೆಸರಲ್ಲಮ್ಮ, ನಿಜವಾದ್ದು.
ಅದೇ ಮೇಡಂ, ರೇಡಿಯೋ. ಹಕ್ಕಿಪಿಕ್ಕಿ ಕ್ಯಾಂಪು.
ನಾನು ಹುಟ್ಟಿದ ದಿನ ಅಪ್ಪ ಒಂದು ಕೊಂಡಿದ್ದ.
ಆಧಾರಲ್ಲೂ ಹಂಗೇ ಐತೆ, ತೋರಿಸ್ಲಾ?
ಬೇಡ ಅಂದೆ. ಬರೆದೆ.
ಬರೆದ ಮೇಲೂ ಕೈ ಸುಮ್ಮನಿರಲಿಲ್ಲ,
ಹೆಸರಿನ ಆಚೆಗೊಂದು ಈಚೆಗೊಂದು
ಉದ್ಧರಣ ಚಿಹ್ನೆ ಹಾಕಿತು.

ಕೊಂಬಿನವನಿಗೆ ಹಾಕಿರಲಿಲ್ಲ.

ಮೊದಲ ಮೇಳಕ್ಕೆ ನಾನು ಬಂದಾಗ
ಇಡೀ ಹಾಲಿಗೆ ಒಬ್ಬಳೇ ಹೆಂಗಸು.
ಕುರ್ಚಿ ಎಳೆದು ಕೂರುವಷ್ಟರಲ್ಲಿ ಯಾರೋ ಬಗ್ಗಿ,
'ಟೀ ಎಷ್ಟೊತ್ತಿಗೆ ತರ್ತೀರಮ್ಮ' ಅಂದಿದ್ದರು.
ಅದನ್ನು ನೂರು ಸಲ ಹೇಳಿಕೊಂಡು ನಕ್ಕಿದ್ದೇನೆ.
ನೂರು ಸಲವೂ ಕೇಳಿದವರು ಅವರು,
ಮೇಜಿನ ಈಚೆ ನಾನು.

ಮೂರು ಗಂಟೆಗೆ ಸ್ಪರ್ಧೆ: ಹೊಸ ಭಾಷೆ ಕಟ್ಟಿರಿ.
ಒಬ್ಬ ಕನ್ನಡವನ್ನು ಹಿಂದುಮುಂದು ಮಾಡಿ ಓದಿದ,
ಒಬ್ಬ ಬರೀ ಸೀಟಿ ಹೊಡೆದ.
ರೇಡಿಯೋ ನಿಂತಳು. ಚೀಟಿ ಇಲ್ಲ.
ನಾಲ್ಕು ನಿಮಿಷ ಮಾತಾಡಿದಳು, ಕೈ ಕೆಳಗೇ ಇಟ್ಟು.
ಒಂದು ಕಡೆ ಬೈದ ಹಾಗೆ, ಒಂದು ಕಡೆ
ತೊಟ್ಟಿಲ ಹತ್ತಿರ ಬಗ್ಗಿದ ಹಾಗೆ.
ತಿರುಗದ ಫ್ಯಾನೂ ಸುಮ್ಮನಾಯಿತು.

ಸಾಗರದ ತೀರ್ಪುಗಾರರು ಕನ್ನಡಕ ತೆಗೆದರು:
ಏನು ವ್ಯಾಕರಣ! ಕಟ್ಟೋಕೆ ಎಷ್ಟು ದಿನ ಹಿಡೀತು?
ಗೊತ್ತಿಲ್ಲ ಸಾರ್,
ಅಜ್ಜಿ ಇದ್ದಿದ್ರೆ ಕೇಳಬಹುದಿತ್ತು.

ಆಮೇಲೆ ಗದ್ದಲ. ಇರುವ ಭಾಷೆಗೆ ಬಹುಮಾನ ಹೇಗೆ,
ನಿಯಮ ಮೂರನೇದು ಏನನ್ನುತ್ತೆ,
ಲಿಪಿ ಇಲ್ಲದ್ದನ್ನು ಇದೆ ಅಂತ ಹೇಗನ್ನೋದು.
ಬೆಳ್ಳಿ ಕಾಗದದ ಮೇಷ್ಟರು ಸಿಟ್ಟಿಗೆ ಕೂತೇಬಿಟ್ಟರು,
ಪರ್ರನೆ ಹರಿಯಿತು.
ಸಂಜೆಯವರೆಗೂ ವಾದಿಸಿದೆವು, ಬಹಳ ಚೆನ್ನಾಗಿ,
ದೂರದ ನಕ್ಷತ್ರದವರು ಬಂದಿಳಿದರೆ
ಅವರ ಮಾತನ್ನು ಹೇಗೆ ಗುರುತಿಸುವುದು ಎಂಬುದನ್ನೂ ಸೇರಿಸಿ.

ಅವಳು ಇರಲಿಲ್ಲ.

ಇಳಿದು ಹುಡುಕಿದೆ. ಬೈಕುಗಳ ನಡುವೆ
ದಸ್ತಗೀರನ ಮೂರು ಗಾಲಿಯ ಸೈಕಲ್ಲು.
ನಮ್ಮಲ್ಲಿ ಅವನಷ್ಟು ಓದಿದವರಿಲ್ಲ.
ಆರು ಮೇಳವನ್ನೂ ಅವನು
ಇಳಿದು ಬಂದವರ ಬಾಯಿಂದಲೇ ಕೇಳಿದ್ದು.
ಎತ್ತಿಕೊಂಡು ಹೋಗ್ತೀವಿ ಬಾ ಅಂದಿದ್ದೆವು ಒಮ್ಮೆ.
ನಾನೇನು ಸಾಮಾನಾ, ಅಂದಿದ್ದ.
ಮಹಡಿ ಬದಲಿಸೋಣ ಅಂತ
ನಮಗೆ ಹೊಳೆದಿರಲಿಲ್ಲ; ಹೊಳೆದದ್ದು ಬರೀ ಮಂಗಳ, ಗುರು, ಶನಿ.

ಸೈಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ರೇಡಿಯೋ,
ನಾಲ್ಕು ನಿಮಿಷವನ್ನು ಮತ್ತೆ ಹೇಳುತ್ತಿದ್ದಳು.
ಎದೆಯ ಚೀಟಿಯಲ್ಲಿ ಹೆಸರಿನ ಎರಡು ತುದಿಗೂ
ಉಗುರಲ್ಲಿ ಕೆರೆದ ಗುರುತು, ಕಾಗದ ತೂತು.
ಮುಗಿದಾಗ ದಸ್ತಗೀರ ಕೇಳಿದ,
ಮಹಡಿಯಲ್ಲಿ ಯಾರೂ ಕೇಳದಿದ್ದದ್ದನ್ನು:
ಅಂದ್ರೇನು?

ಅದಾ? ಅಜ್ಜಿ ನಮ್ಮನ್ನ ಮಲಗಿಸೋದು.
ನೀರು ಕುಡಿರಿ, ನಾಯಿ ಕಟ್ಟಿರಿ,
ಬೇಗ ಕಣ್ಣು ಮುಚ್ಚಿರಿ,
ನಾಳೆ ಗುಡಾರ ಕೀಳೋದೈತೆ.

ಎಲ್ಲಿಗೆ?

ಅದನ್ನ ಅಜ್ಜಿ ಹೇಳ್ತಾನೇ ಇರಲಿಲ್ಲ,
ಅಂದಳು ರೇಡಿಯೋ. ಬಸ್ಸಿಗೆ ಹೊತ್ತಾಗಿತ್ತು.
ಹೋಗುವ ಮುಂಚೆ ನನಗೊಂದು ಎಣ್ಣೆ ಬಾಟಲಿ ಮಾರಿದಳು,
ನೂರಾ ಐವತ್ತು, ಚೌಕಾಸಿ ಇಲ್ಲ.