ಚೌಕದ ಬಣ್ಣ

ಗುಳೇದಗುಡ್ಡದ ಗುರುವಾರ. ಕರೆಂಟಿಲ್ಲ.
ಮಗ್ಗದ ಓಣಿ ಉಸಿರು ಹಿಡಿದು ಕುಂತಂಗೈತಿ.
ಕೆಂಪುಗಲ್ಲ ಗುಡ್ಡ ಕಾದು ಹಂಚಾಗೇತಿ,
ಅಂಗನವಾಡಿ ಕಟ್ಟಿ ಮ್ಯಾಲೆ ನನ್ನ ನೀಲಿ ಡಬ್ಬಿ,
ಅದರೊಳಗ ನಾಕು ಮಂಜಿನ ಪಾಕೀಟು.

ಬಣ್ಣದ ಚೌಡವ್ವ ಬಂದಳು,
ಮೊಣಕೈತನಕ ದಾಳಿಂಬರಿ ಕೆಂಪು.
ಹಿಂದ ಸೊಸಿ ದಾನೇಶ್ವರಿ, ಅಕಿ ಉಡಿಯಾಗ
ಒಂದೂವರಿ ತಿಂಗಳ ಹುಡುಗಿ,
ಎರಡು ಮನಿತನ ಇಟ್ಟ ಎರಡು ಹೆಸರಿನ ನಡುವ
ಇನ್ನೂ ಜೀಕತಿದ್ದಳು.

"ಏನೂ ಆಗೂದಿಲ್ಲಲ್ಲ ಸಿಸ್ಟರ್?"

ಇಪ್ಪತ್ತಾರು ವರ್ಷದಾಗ ಕಲತದ್ದು ಇಷ್ಟ:
'ಏನೂ ಆಗೂದಿಲ್ಲ' ಅನ್ನೂದು ಸುಳ್ಳಿನ ಅಕ್ಕನ ಮಗಳು.
ಆಗತೈತಿ ತಂಗಿ. ಸಂಜಿಕ ಮೈ ಬಿಸಿ ಆಗತೈತಿ,
ತೊಡಿ ಮ್ಯಾಲೆ ಹುಣಸಿಬೀಜದಷ್ಟು ಗಂಟು,
ಒಂದು ರಾತ್ರಿ ಅಳು, ನಿನಗೂ ನಿದ್ದಿ ಇಲ್ಲ.
ಎಣ್ಣಿ ತಿಕ್ಕಬ್ಯಾಡ, ಕಾಸಬ್ಯಾಡ, ಮೊಲಿ ಬಿಡಿಸಬ್ಯಾಡ.
ಲಕ್ಷಗಟ್ಟಲೆ ಕೂಸಿನಾಗ ಎಲ್ಲೋ ಒಂದಕ್ಕ ಭಾಳ ಆಗತೈತಿ,
ಅದಕ್ಕ ಅರ್ಧಾ ತಾಸು ಇಲ್ಲೇ ಕುಂದರಸ್ತೀನಿ,
ಅದಕ್ಕ ಈ ಚೀಲದಾಗ ಇನ್ನೊಂದು ಸಣ್ಣ ಬಾಟ್ಲಿ ಐತಿ.
ಅದನ್ನ ನಾ ಒಡದದ್ದು ಒಂದ ಸಲ, ಬೇವೂರಾಗ.
ಆ ಹುಡುಗ ಈಗ ಪಿಯುಸಿ.

ಸೊಸಿ ಅತ್ತಿ ಮುಖ ನೋಡಿದಳು.
ಅತ್ತಿ ಬಾಟ್ಲಿ ನೋಡಿದಳು.
"ಕೊಡ್ರಿ ಇಲ್ಲಿ. ಇದೇನಿದು ಗುರುತು?"

ದುಂಡಿನೊಳಗೊಂದು ಚೌಕ, ಎಳ್ಳಿನಷ್ಟು.
ದುಂಡು ಗಾಢ ಇರಬೇಕು, ಚೌಕ ತಿಳಿ.
ಬಿಸಿ ತಿಂದಂಗ ಚೌಕ ಕಪ್ಪಾಕೋತ ಬರತೈತಿ,
ಎರಡೂ ಒಂದ ಬಣ್ಣ ಆದರ ಚೆಲ್ಲೂದ.
ಚೌಡವ್ವ ನೂಲಿನ ಲಡಿ ಹಿಡದಂಗ
ಬಿಸಿಲಿಗೆ ಹಿಡದಳು, ಒಂದು ಕಣ್ಣು ಮುಚ್ಚಿ.
"ತಿಳಿ ಐತಿ. ಹಾಕ್ರಿ."

ಎರಡನೇದು ಪೋಲಿಯೊ ಹನಿ.
ಹಿಡದಳು. ತಿರುವಿದಳು. ಸುಮ್ಮನಾದಳು.
"ಇದರಾಗ ಚೌಕ ಎಲ್ಲೈತಿ?"

ನಾ ನೋಡಿದೆ, ಐತಿ ಅನಸ್ತು.
ದೂರ ಹಿಡದು ನೋಡಿದೆ, ಇಲ್ಲ ಅನಸ್ತು.
ಐವತ್ಮೂರರ ಕಣ್ಣು.
ಮುಂಜಾನೆ ಡಬ್ಬಿ ತುಂಬಿದ್ದು ಇದ ಕೈ.
ತಪ್ಪಾತು ಅನ್ನಾಕ ಬಾಯಿ ಒಣಗಿತ್ತು, ಆದರೂ ಅಂದೆ.
ಬಾಟ್ಲಿ ಬ್ಯಾರೆ ಇಟ್ಟು, ನಂಬರ್ ಬರಕೊಂಡು
ಆಶಾ ಕಸ್ತೂರಿನ್ನ ದವಾಖಾನಿಗೆ ಓಡಿಸಿದೆ.

ಕಾಯೂ ಹೊತ್ತಿನಾಗ ಚೌಡವ್ವ, ಯಾರಿಗೂ ಅಲ್ಲದಂಗ:
"ನನ್ನ ತಮ್ಮ ಪರಪ್ಪ. ಹನಿ ಓಣಿಗೆ ಬರೂಕಿಂತ
ಜ್ವರ ಮೊದಲ ಬಂತು. ಒಂದು ಕಾಲು ಹೋತು.
ಮಗ್ಗದ ಕುಣ್ಯಾಗ ಇಳಿಸಿದರ ತುಳಿಯಾಕ ಬರಲಿಲ್ಲ.
ಆನಿಹೆಜ್ಜಿ ಹೂವಿಗೆ ಎಷ್ಟನೇ ಎಳಿ ಎತ್ತಬೇಕು,
ಕಣ್ಣು ಮುಚ್ಚಿ ಹೇಳತಿದ್ದ.
ಐವತ್ತು ವರ್ಷ ಕಂಡಕಿ ಸುತ್ತಿದ,
ಮಂದಿ ನೇಯೂ ಕುಬಸಕ್ಕ."

ಕಸ್ತೂರಿ ಬೆವರು ಒರಸಿಕೋತ ಬಂದಳು.
ನಾಕು ಹೆಂಗಸರು, ಒಂದು ಎಳ್ಳಿನಷ್ಟು ಚೌಕ,
ತಲಿಗೆ ತಲಿ ತಾಗಿಸಿ ನೋಡಿದಿವಿ.
ತಿಳಿ ಐತಿ.
ಹುಡುಗಿ ಎರಡು ಹನಿ ನುಂಗಿ ಮುಖ ಕಿವಿಚಿದಳು,
ಸೂಜಿಗೆ ಮಾತ್ರ ಇಡೀ ಓಣಿಗೆ ಕೇಳೂವಂಗ ಚೀರಿದಳು.

ಹೊರಡೂ ಮುಂದ ಕೇಳಿದೆ, ಅಂಗೈಗೇನಾತು?
ಬಣ್ಣದ ಕಡಾಯಿ ಅಂಚು, ತುಕ್ಕು ಹಿಡಿದದ್ದು,
ನಿನ್ನೆ ಕೊಯ್ದೈತಂತ. ಕುಂದರು ಅಂದೆ.
"ಮುದಿಕ್ಯಾರಿಗೂ ಇರತೈತೇನು ಇದು?"
ಧನುರ್ವಾಯು ವಯಸ್ಸು ಕೇಳಿ ಬರೂದಿಲ್ಲ, ಚೌಡವ್ವ.
ತೋಳು ಕೊಟ್ಟಳು, ಮುಖ ಗ್ವಾಡಿ ಕಡೆ:
"ಇದರ ಚೌಕ ನೀವ ನೋಡ್ರಿ. ನಾ ಕಣ್ಣು ಮುಚ್ಚೀನಿ."

ಅರ್ಧಾ ತಾಸು. ಕರೆಂಟ್ ಬಂತು,
ಓಣಿ ತುಂಬ ಖಟಕ್ ಖಟಕ್. ಕೂಸು ಮಲಗಿತ್ತು.
ತಾಯಿ ಕಾರ್ಡಿನ ಮ್ಯಾಲೆ, ತಾರೀಖಿನ ಮನಿಯೊಳಗ,
ಚೌಡವ್ವನ ಹೆಬ್ಬಟ್ಟು ದಾಳಿಂಬರಿ ಕೆಂಪಾಗಿ ಕುಂತಿತ್ತು.
ಅದರ ಮ್ಯಾಲೇ ಬರದೆ.

ಮುಂದಿನ ಗುರುವಾರ ನಾ
ಚಷ್ಮಾ ಹಾಕ್ಕೊಂಡು ಹೋದೆ.